ಪುಸ್ತಕದ ಬೆನ್ನಿನೊಳಗಿನ ತಾರೀಕುಗಳು

ಪಟ್ಟಿ ಮಾಡಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ಗ್ರಂಥಾಲಯದ ಕೌಂಟರಿನಲ್ಲಿ ಕೂತು ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ತಾರೀಕಿನ ಮೊಹರು ಒತ್ತುವುದು ನನ್ನ ಕೆಲಸ. ಹದಿನೆಂಟು ವರ್ಷದಿಂದ ಒತ್ತುತ್ತಿದ್ದೇನೆ. ಆದರೆ ಇದು ನನ್ನ ಕಥೆಯಲ್ಲ, ನಮ್ಮ ಬೈಂಡರ್ ಅಕ್ಕನದು.

ಅಕ್ಕನ ಕೋಣೆ ಇರುವುದು ಕಟ್ಟಡದ ಹಿಂಭಾಗದಲ್ಲಿ, ಪೊರಕೆ ಬಕೀಟು ಇಡುವ ಗೂಡಿನ ಪಕ್ಕ. ಒಂದು ಉದ್ದನೆಯ ಮೇಜು, ಪುಸ್ತಕ ಒತ್ತಿಡುವ ಕಬ್ಬಿಣದ ತಿರುಪು, ಗೋಂದಿನ ಡಬ್ಬಿ, ದಬ್ಬಳ, ಮೇಣ ಹಚ್ಚಿದ ದಾರದ ಉಂಡೆ, ಗೋಡೆಗೆ ಒರಗಿಸಿದ ರಟ್ಟುಗಳು. ಹರಿದ ಪುಸ್ತಕ ಅಲ್ಲಿಗೆ ಹೋಗಿ, ಹೊಲಿಗೆ ಹಾಕಿಸಿಕೊಂಡು ಗಟ್ಟಿಯಾಗಿ ಹೊರಗೆ ಬರುತ್ತದೆ. ಅಕ್ಕನ ಎಡಗಾಲು ಬಲಗಾಲಿಗಿಂತ ನಾಲ್ಕು ಬೆರಳಷ್ಟು ಗಿಡ್ಡ. ಹಾಗಾಗಿ ಎಡಗಾಲಿಗೆ ದಪ್ಪ ಅಟ್ಟೆಯ ಬೂಟು. ಅವರು ಬರುವುದು ಓಣಿಯ ಆ ತುದಿಯಲ್ಲಿರುವಾಗಲೇ ನಮಗೆ ಕೇಳಿಸುತ್ತದೆ. ಕೋಪ ಅವರಿಗೆ ಮೂಗಿನ ತುದಿಯಲ್ಲೇ. ನನ್ನದೂ ಅಲ್ಲೇ ಇರುವುದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ಅಕ್ಕ ಈ ಕೆಲಸಕ್ಕೆ ಬಂದದ್ದೇ ಒಂದು ಪುಸ್ತಕ ಹರಿದು. ಆಗ ಅವರಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಅವರಿಗೆ ‘ಒಂದೂವರೆ’ ಎಂದು ಅಡ್ಡಹೆಸರು. ಒಂದು ಕಾಲು ಪೂರ್ತಿ, ಇನ್ನೊಂದು ಅರ್ಧ ಎಂಬ ಲೆಕ್ಕ. ಆಟಕ್ಕೆ ಯಾರೂ ಸೇರಿಸಿಕೊಳ್ಳದ್ದರಿಂದ ಗ್ರಂಥಾಲಯಕ್ಕೆ ಬಂದು ಕೂರುತ್ತಿದ್ದರು. ಆಗಿನ ಮಕ್ಕಳ ಕಪಾಟಿನಲ್ಲಿ ಕುಂಟುವವರು ಎಂದರೆ ಇಬ್ಬರೇ. ಒಬ್ಬಳು ಮಾಟ ಮಾಡುವ ಮುದುಕಿ, ಇನ್ನೊಬ್ಬಳು ಒಳ್ಳೆಯ ಹುಡುಗಿ. ಒಳ್ಳೆಯವಳಾಗಿದ್ದಕ್ಕೆ ಕೊನೆಯ ಪುಟದಲ್ಲಿ ಅವಳ ಕಾಲು ಸರಿಹೋಗಿಬಿಡುತ್ತದೆ. ಅದನ್ನು ಓದಿ ಅಕ್ಕ ಪೂರ್ತಿ ಒಂದು ತಿಂಗಳು ಒಳ್ಳೆಯವರಾಗಿದ್ದರು. ತಮ್ಮನಿಗೆ ಹೊಡೆಯಲಿಲ್ಲ, ಅಮ್ಮನಿಗೆ ಎದುರು ಮಾತಾಡಲಿಲ್ಲ, ಯಾರದ್ದೂ ಪೆನ್ಸಿಲ್ ಕದಿಯಲಿಲ್ಲ. ಕಾಲು ಒಂದು ಕೂದಲೆಳೆಯಷ್ಟೂ ಬೆಳೆಯಲಿಲ್ಲ. ತಿಂಗಳು ಮುಗಿದ ಮರುದಿನ ಬಂದು ಆ ಕೊನೆಯ ಪುಟವನ್ನು ಹರಿದು ಚೂರು ಮಾಡಿದರು.

ಆಗಿದ್ದ ಬೈಂಡರ್ ಅಜ್ಜ ಕಿವಿ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, “ಹರಿದ ಕೈನೇ ಅಂಟಿಸಲಿ” ಎಂದು ಗೋಂದಿನ ಡಬ್ಬಿ ಮುಂದಿಟ್ಟನಂತೆ. ಚೂರಿಗೆ ಚೂರು ಸೇರಿಸುವಷ್ಟರಲ್ಲಿ ಸಂಜೆಯಾಯಿತು. ಮರುದಿನ ಕರೆಯದೆಯೇ ಮತ್ತೆ ಹೋದರು, ಅದರ ಮರುದಿನವೂ.

“ಕೆಲಸ ಕಲಿತದ್ದೇನೋ ಒಳ್ಳೇದಾಯ್ತು,” ಎನ್ನುತ್ತಾರೆ ಅಕ್ಕ. “ಆದ್ರೆ ಆ ಸುಳ್ಳನ್ನ ನನ್ನ ಕೈಯಾರೆ ವಾಪಸ್ ಅಂಟಿಸಬೇಕಾಯ್ತಲ್ಲ, ಆ ಉರಿ ಇನ್ನೂ ಹೋಗಿಲ್ಲ.”

ಹೋಗುವುದೂ ಇಲ್ಲ, ಬಿಡಿ. ನಮ್ಮಲ್ಲಿ ಮುಂಚೆ ಇದ್ದ ಮೇಡಂ ಹಠ ಹಿಡಿದು, ವರ್ಷಕ್ಕಿಷ್ಟು ಎಂದು ಮಕ್ಕಳ ವಿಭಾಗಕ್ಕೆ ಮೂವತ್ತೇಳು ಪುಸ್ತಕ ತರಿಸಿದ್ದರು. ಮಾತು ತಡವರಿಸುವ ಹುಡುಗ, ಅಕ್ಷರ ಕಣ್ಣ ಮುಂದೆ ಕುಣಿಯುವುದರಿಂದ ಓದಲಾಗದ ಹುಡುಗಿ, ಗಾಲಿಕುರ್ಚಿಯಲ್ಲಿ ಕೂತೇ ತಂಗಿಯ ಜುಟ್ಟು ಹಿಡಿಯುವ ಅಕ್ಕ, ಒಂದು ಕಡೆ ಕೂರಲಾಗದ ಮಗು, ಇಂಥವರ ಕಥೆಗಳು. ಅಕ್ಕ ಹೊಲಿಯುವ ಮುಂಚೆ ಪ್ರತಿಯೊಂದನ್ನೂ ಓದುತ್ತಿದ್ದರು, ಓದಿ ಮುಗಿಸಿ ಕೌಂಟರಿಗೆ ಬಂದು ನನ್ನ ಜೊತೆ ಜಗಳ ಕಾಯುತ್ತಿದ್ದರು, ಪುಸ್ತಕ ಬರೆದವನು ನಾನೇ ಎಂಬ ಹಾಗೆ.

“ಕಾಲು ಗಿಡ್ಡ ಇರೋ ಹುಡುಗಿ ಕೊನೇಲಿ ಓಟದಲ್ಲಿ ಗೆಲ್ಲಲೇಬೇಕಾ? ಎಲ್ರೂ ಎದ್ದು ನಿಂತು ಚಪ್ಪಾಳೆ ಹೊಡೀಲೇಬೇಕಾ? ಅವಳು ಸುಮ್ನೆ ಕಿಟಕಿ ಹತ್ರ ಕೂತಿದ್ರೆ ಯಾರ ಗಂಟು ಹೋಗುತ್ತೆ?”

ಇನ್ನೊಂದು ಸಲ ಹಿಂಬದಿಯ ರಟ್ಟು ತೋರಿಸಿದರು. “ನೋಡಿಲ್ಲಿ. ‘ನಿನ್ನನ್ನು ನೀನೇ ಪ್ರೀತಿಸು’ ಅಂತೆ. ಊರಿಡೀ ಅಲೆದ್ರೂ ಈ ಬೂಟಿಗೆ ಅಟ್ಟೆ ಹಾಕೋನು ಒಬ್ಬ ಸಿಗಲ್ಲ. ಬಸ್ಸಿನ ಮೆಟ್ಟಿಲು ಮೊಣಕಾಲುದ್ದ. ಅದನ್ನೆಲ್ಲ ಹಾಗೇ ಬಿಟ್ಟು, ಪ್ರೀತಿಸೋ ಕೆಲಸಾನೂ ನಮ್ಮ ತಲೆಗೇ ಕಟ್ತಾರೆ!”

ಅವರು ಗೊಣಗದೆ ಹೊಲಿದ ಪುಸ್ತಕ ಒಂದೇ. ‘ಎರಡು ಕೈ, ಎರಡು ಕಿವಿ’ ಎಂದು ಅದರ ಹೆಸರು. ಜೋರು ಸದ್ದು ಮೈಗೆ ನೋವಾಗುವಷ್ಟು ಕೇಳಿಸುವ ಒಬ್ಬ ಹುಡುಗಿ ಯಾರದ್ದೋ ಹುಟ್ಟುಹಬ್ಬಕ್ಕೆ ಹೋಗುತ್ತಾಳೆ. ಬಲೂನು ಒಡೆಯುತ್ತಾರೆ, ಹಾಡು ಹಾಕುತ್ತಾರೆ. ಇವಳು ಕಿವಿ ಮುಚ್ಚಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಾಳೆ. ಚಿಕ್ಕಮ್ಮ ಬಂದು ಪಕ್ಕದಲ್ಲಿ ಕೂರುತ್ತಾಳೆ, ಏನೂ ಮಾತಾಡುವುದಿಲ್ಲ. ಆಮೇಲೆ ಇಬ್ಬರೂ ಮನೆಗೆ ಹೋಗುತ್ತಾರೆ. ಅಷ್ಟೇ. ವಾಸಿಯಾಗುವುದಿಲ್ಲ, ಬಹುಮಾನ ಬರುವುದಿಲ್ಲ.

“ಇದು ಪುಸ್ತಕ,” ಎಂದರು ಅಕ್ಕ.

ಆ ಪುಸ್ತಕಕ್ಕೆ ಒಬ್ಬಳು ಕಾಯಂ ಗಿರಾಕಿ ಇದ್ದಳು. ಪ್ರತಿ ಶನಿವಾರ ತನ್ನ ಅಜ್ಜಿಯ ಜೊತೆ ಬರುವ ಹತ್ತು ವರ್ಷದ ಹುಡುಗಿ. ಶನಿವಾರದ ಹುಡುಗಿ ಎಂದೇ ನಾವು ಕರೆಯುತ್ತಿದ್ದೆವು. ‘ಎರಡು ಕೈ’ ತೆಗೆದುಕೊಂಡು ಹೋಗುವಳು, ಮುಂದಿನ ಶನಿವಾರ ತಂದು ಕೊಟ್ಟು ಮತ್ತೆ ಅದನ್ನೇ ಕೇಳುವಳು. ಬೇರೆ ಮಕ್ಕಳು ತೆಗೆದುಕೊಂಡು ಹೋಗಿದ್ದರೆ ಕಪಾಟಿನ ಮುಂದೆ ನಿಂತು, ಅಲ್ಲಿ ಏನೇನು ಇಲ್ಲ ಎಂದು ಒಂದೂ ಬಿಡದೆ ಹೇಳುವಳು. ನಾನು ಮೊಹರು ಎತ್ತಿದ ಕೂಡಲೇ ಎರಡೂ ಕೈ ಕಿವಿಗೆ ಹೋಗುತ್ತಿತ್ತು. ನನ್ನ ಮೊಹರು ಬಿದ್ದರೆ ಮೇಜು ಅದುರುತ್ತದೆ, ಅದು ನಿಜ.

“ಸ್ವಲ್ಪ ಮೆಲ್ಲಗೆ ಒತ್ತಿದ್ರೆ ನಿನ್ನ ಕೈ ಸವೆದುಹೋಗುತ್ತಾ?” ಎಂದು ಅಕ್ಕ ಎಷ್ಟೋ ಸಲ ಬೈದಿದ್ದರು.

“ಮೊಹರು ಅಂದ್ಮೇಲೆ ಬೀಳ್ಬೇಕಕ್ಕ, ಮುತ್ತು ಕೊಡೋಕಾಗುತ್ತಾ?” ಎಂದು ನಾನೂ ಅಷ್ಟೇ ಸಲ ಹಲ್ಲು ಕಿರಿದಿದ್ದೆ.

ಕಳೆದ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಆ ಮೂವತ್ತೇಳೂ ಚಿಂದಿಯಾಗಿದ್ದವು. ಮಕ್ಕಳು ಒಬ್ಬರಿಂದೊಬ್ಬರಿಗೆ ಎಳೆದಾಡಿ ಓದಿದ್ದರು. ಎಲ್ಲವೂ ಅಕ್ಕನ ಕೋಣೆಗೆ ಹೋದವು. ಅಲ್ಲಿ ಕೆಲಸ ಮಾಡುವವರು ಅವರೊಬ್ಬರೇ. ಊರಿಗೆಲ್ಲ ಬೇಕಾದ ಬೇರೆ ಪುಸ್ತಕಗಳ ನಡುವೆ ಇವನ್ನು ಮುಗಿಸಲು ಎಂಟು ತಿಂಗಳು ಹಿಡಿಯಿತು. ಶನಿವಾರದ ಹುಡುಗಿ ಆ ಎಂಟು ತಿಂಗಳೂ ಬಿಡದೆ ಬಂದು, ಅಕ್ಕನ ಕೋಣೆಯಲ್ಲಿ ಸದ್ದಿಲ್ಲದೆ ಒಂದು ಗಂಟೆ ಕೂತು, “ಆಯ್ತಾ?” ಎಂದು ಕೇಳಿ ಹೋಗುತ್ತಿದ್ದಳು. ತನ್ನ ಪುಸ್ತಕವೊಂದೇ ಮುಗಿದರೆ ಸಾಲದಂತೆ, ಎಲ್ಲವೂ ಒಟ್ಟಿಗೇ ಕಪಾಟಿಗೆ ಹೋಗಬೇಕಂತೆ.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ಪ್ರತಿ ಪುಸ್ತಕದ ಕೊನೆಯಲ್ಲಿ ಒಂದು ತಾರೀಕು ಚೀಟಿ ಇರುತ್ತದೆ. ಮೇಲೆ ಪುಸ್ತಕದ ನಂಬರು, ಕೆಳಗೆ ಸಾಲಾಗಿ ನಾನು ಒತ್ತಿದ ಮೊಹರುಗಳು. ಹೊಸದಾಗಿ ಹೊಲಿದ ಪುಸ್ತಕ ಹೊಸದರಂತೆ ಕಾಣಬೇಕೆಂದು ಹಳೆಯ ಚೀಟಿ ಕಿತ್ತು ಹೊಸದು ಅಂಟಿಸುತ್ತಾರೆ. ಕಿತ್ತ ಚೀಟಿ ದಪ್ಪ ಕಾಗದದ್ದು, ಅಗಲವೂ ಅಳತೆಗೆ ಸರಿಯಾಗಿ ಇರುತ್ತದೆ. ಅದನ್ನು ಬಿಸಾಡಲು ಅಕ್ಕನಿಗೆ ಮನಸ್ಸು ಬರುವುದಿಲ್ಲ. ಹೊಲಿದ ಪುಸ್ತಕದ ಬೆನ್ನಿಗೆ, ಬಟ್ಟೆಯ ಒಳಗಡೆ, ಗಟ್ಟಿಯಾಗಲೆಂದು ಅದನ್ನೇ ಅಂಟಿಸುತ್ತಾರೆ. ಅಜ್ಜ ಕಲಿಸಿದ್ದೂ ಹಾಗೆಯೇ.

ಮೂವತ್ತೇಳು ಪುಸ್ತಕಗಳು, ಅಕ್ಕ ಆಗ ಹೊಲಿದದ್ದಕ್ಕೆಲ್ಲ ಹಾಕುತ್ತಿದ್ದ ಹಸಿರು ಬಟ್ಟೆ ಹೊದ್ದು, ಸೋಮವಾರ ಬೆಳಿಗ್ಗೆ ಕಪಾಟಿಗೆ ಬಂದವು. ಮಧ್ಯಾಹ್ನ ನಮ್ಮ ಹೊಸ ಸಾಹೇಬರ ಆದೇಶ ಬಂತು. ಪರೀಕ್ಷೆಗೆ ಓದುವವರ ಪುಸ್ತಕಗಳಿಗೆ ಜಾಗ ಬೇಕು, ಆದ್ದರಿಂದ ಮೂರು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನು ತೆಗೆಯಬೇಕು. ಚೀಟಿ ಖಾಲಿ ಇದ್ದದ್ದನ್ನೆಲ್ಲ ಪಟ್ಟಿ ಮಾಡಿ. ಶುಕ್ರವಾರ ಸಂಜೆ ರದ್ದಿ ಲಾರಿ ಬರುತ್ತದೆ.

ಮಂಗಳವಾರ ನಾನು ಪಟ್ಟಿ ಮಾಡಿದೆ. ಆ ಪುಸ್ತಕಗಳ ಚೀಟಿ ಏಕೆ ಖಾಲಿ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಖಾಲಿ ಇದ್ದರೆ ಬರೆ ಎಂದರು, ಬರೆದೆ. ಹೇಳಿದಷ್ಟು ಮಾಡಿದರೆ ಬೈಗುಳ ತಪ್ಪುತ್ತದೆ ಎನ್ನುವುದು ಹದಿನೆಂಟು ವರ್ಷದಲ್ಲಿ ನಾನು ಕಲಿತ ವಿದ್ಯೆ. ಎಲ್ಲಕ್ಕಿಂತ ಹೆಚ್ಚು ಓದಿಸಿಕೊಂಡ ಪುಸ್ತಕಗಳು ಹೆಚ್ಚು ಹರಿದವು, ಹರಿದದ್ದಕ್ಕೆ ಹೊಸ ಚೀಟಿ ಬಂತು, ಹೊಸ ಚೀಟಿ ಬಂದದ್ದಕ್ಕೆ ರದ್ದಿಯ ಪಟ್ಟಿಗೆ ಹೋದವು.

ಬುಧವಾರ ಬೆಳಿಗ್ಗೆ ಓಣಿಯಲ್ಲಿ ಬೂಟಿನ ಸದ್ದು ಎಂದಿಗಿಂತ ಜೋರಾಗಿತ್ತು. ಅಕ್ಕ ಪಟ್ಟಿಯನ್ನು ನನ್ನ ಮುಂದೆ ಹಿಡಿದರು. “ಇದು ನಿನ್ನ ಅಕ್ಷರ ತಾನೆ?”

“ನಂದೇ ಅಕ್ಕ,” ಎಂದೆ.

“ಏಳು. ಬಾ ನನ್ನ ಜೊತೆ.”

ಸಾಹೇಬರು ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಅಕ್ಕ ಹೇಳಿದ್ದನ್ನು ಅವರು ನಿಧಾನವಾಗಿ ಕೇಳಿ, “ಓದಿದ್ದಕ್ಕೆ ದಾಖಲೆ ಏನಿದೆ, ಹೇಳಿ,” ಎಂದರು.

“ನಾನೇ ಹೊಲಿದಿದೀನಲ್ಲ ಸಾರ್. ಓದದೇ ಇದ್ರೆ ಹರಿಯುತ್ತಾ?”

“ಹರಿದಿದೆ ಅಂದ್ರೆ ಓದಿದಾರೆ ಅಂತಾನಾ? ಇಲಿ ಕಡಿದಿರಬಹುದು.”

“ಮೂವತ್ತೇಳನ್ನೂ ಆರಿಸಿ ಆರಿಸಿ ಕಡಿಯೋಕೆ ಇಲಿಗೆ ಓದೋಕೆ ಬರುತ್ತಾ ಸಾರ್?”

ನನಗೆ ನಗು ಬಂತು. ಕೆಮ್ಮಿ ಮುಚ್ಚಿಕೊಂಡೆ. ಸಾಹೇಬರು ನನ್ನ ಕಡೆ ತಿರುಗಿ ರಿಜಿಸ್ಟರ್ ಕೇಳಿದರು. ವರ್ಷ ಮುಗಿದ ಕೂಡಲೇ ಹಳೆಯ ರಿಜಿಸ್ಟರನ್ನು ರದ್ದಿಗೆ ಹಾಕುವುದು ನಮ್ಮ ಅಭ್ಯಾಸ. ಈ ವರ್ಷದ್ದರಲ್ಲಿ ಆ ಪುಸ್ತಕಗಳು ಇರಲು ಸಾಧ್ಯವೇ ಇಲ್ಲ, ಅಷ್ಟೂ ದಿನ ಅಕ್ಕನ ಕೋಣೆಯಲ್ಲಿದ್ದವು. ಹಾಗೆಂದು ಹೇಳಿದೆ.

“ನೋಡಿ ಮತ್ತೆ,” ಎಂದರು ಸಾಹೇಬರು. “ಅಲ್ಲದೆ, ಅಂಥ ಮಕ್ಕಳು ನಮ್ಮೂರಲ್ಲಿ ಎಷ್ಟಿರ್ತಾರೆ? ಹತ್ತೋ ಹನ್ನೆರಡೋ.”

ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಎದುರಿಗೇ ನಿಂತವರಿಗೆ ಈ ಮಾತು. ನನ್ನ ಮೈಯೆಲ್ಲ ಉರಿಯಿತು. ಅಕ್ಕನ ಮುಖ ಕೆಂಪಾಯಿತು, ಆದರೆ ದನಿ ಏರಲಿಲ್ಲ. “ಅಂಥವರು ಹತ್ತೇ ಇರಲಿ ಸಾರ್. ಅವರ ಜೊತೆ ಆಡದೇ ಇರೋ ಮಕ್ಕಳು ಎಷ್ಟಿದಾರೆ? ಅವರೂ ಓದಬೇಕಲ್ವಾ? ಇರಿ, ದಾಖಲೆ ತೋರಿಸ್ತೀನಿ.”

ಅವರು ‘ಎರಡು ಕೈ’ ತಂದಿದ್ದರು. ಸಾಹೇಬರ ಮೇಜಿನ ಮೇಲೇ ಅದನ್ನು ಮಲಗಿಸಿ, ಎರಡು ವಾರದ ಹಿಂದೆ ತಾವೇ ಅಂಟಿಸಿದ ಹಸಿರು ಬಟ್ಟೆಗೆ ಚಾಕು ಹಾಕಿದರು. ಹೊಲಿದ ಕೈ ಹೊಲಿದದ್ದನ್ನು ಕೊಯ್ಯುವುದು ನೋಡಲು ಚೆನ್ನಾಗಿರುವುದಿಲ್ಲ. ಬೆನ್ನಿನೊಳಗಿಂದ ಚೀಟಿ ಬಂತು. ತುಂಬ ಮೊಹರುಗಳಿದ್ದವು. ಸಾಹೇಬರು ಅದನ್ನು ತೆಗೆದುಕೊಂಡು ಮೇಲಿನ ನಂಬರು ನೋಡಿದರು, ಪುಸ್ತಕದ ನಂಬರು ನೋಡಿದರು, ಕೊನೆಗೆ ನನ್ನ ಕೈಗೆ ಕೊಟ್ಟರು. ನಂಬರು ನೋಡಿ ಹೇಳಿದೆ, ಅದು ಕೋಳಿ ಸಾಕಣೆ ಪುಸ್ತಕದ ಚೀಟಿ.

“ಮಕ್ಕಳು ಕೋಳಿ ಸಾಕ್ತಿದ್ರಾ?” ಎಂದು ಸಾಹೇಬರು ನಕ್ಕರು.

ಅಕ್ಕ ಹಣೆ ಚಚ್ಚಿಕೊಂಡರು. ಕಿತ್ತ ಚೀಟಿಯನ್ನು ಡಬ್ಬಿಗೆ ಹಾಕುವುದು, ಆ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನು ಅಂಟಿಸುವುದು ಅವರ ರೂಢಿ. ಇದರದ್ದು ಇದಕ್ಕೇ ಎಂದು ಯಾವ ಬೈಂಡರೂ ನೋಡುವುದಿಲ್ಲ. ಹಾಗಿದ್ದರೆ ಈ ಪುಸ್ತಕದ ಚೀಟಿ ಯಾವುದರ ಬೆನ್ನಲ್ಲಿದೆ? ಎಂಟು ತಿಂಗಳಲ್ಲಿ ನೂರಾರು ಪುಸ್ತಕ ಹೊಲಿದಿದ್ದಾರೆ. ಅವರು ಕಣ್ಣು ಮುಚ್ಚಿ ನಿಂತರು. ಕಣ್ಣು ತೆರೆದಾಗ ನೋಟ ಸಾಹೇಬರ ಮೊಣಕೈ ಕೆಳಗಿದ್ದ ದಪ್ಪ ಪುಸ್ತಕದ ಮೇಲೆ ಬಿತ್ತು. ಕಚೇರಿಯ ನಿಯಮಾವಳಿ. ಹಸಿರು ಬಟ್ಟೆ.

“ಸಾರ್, ನೀವು ಬಂದ ಮೊದಲನೇ ದಿನ ಇದನ್ನ ಹೊಲಿಯೋಕೆ ಕಳಿಸಿದ್ರಿ. ಈಗಿಂದೀಗ್ಲೇ ಬೇಕು ಅಂತ ಜವಾನ ತಲೆ ಮೇಲೇ ಕೂತಿದ್ದ. ನಾನು ಆಗ ‘ಎರಡು ಕೈ’ ಬಿಚ್ಚಿ ಇಟ್ಕೊಂಡಿದ್ದೆ. ಆಗ ತಾನೆ ಕಿತ್ತ ಚೀಟಿ ಕೈಯಲ್ಲೇ ಇತ್ತು. ಅದು ಇದರೊಳಗಿದೆ.”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಸಾಹೇಬರು ಆ ಕೂಸನ್ನು ಎರಡೂ ಕೈಯಿಂದ ಅಪ್ಪಿಕೊಂಡರು. “ನಿಯಮದ ಪುಸ್ತಕಕ್ಕೆ ಕೈ ಹಾಕ್ಬೇಡಿ. ಅದಕ್ಕೆ ಮೇಲಿನಿಂದ ಅನುಮತಿ ಬೇಕು.”

“ಮಕ್ಕಳ ಪುಸ್ತಕ ರದ್ದಿಗೆ ಹಾಕೋಕೆ ಬೇಡ, ನಿಮ್ಮದು ಬಿಚ್ಚೋಕೆ ಬೇಕಾ?” ಅಕ್ಕ ಕೈ ಚಾಚಿದರು. “ಹೊಲಿದವಳು ನಾನು. ಬಿಚ್ಚೋದೂ ನಾನೇ. ಕೊಡಿ.”

ಅವರು ಕೊಡಲಿಲ್ಲ. ಆದರೆ ಗಟ್ಟಿಯಾಗಿಯೂ ಹಿಡಿದಿರಲಿಲ್ಲ, ಅದನ್ನು ನಾನು ನೋಡಿದೆ. ಅಕ್ಕ ಎಳೆದುಕೊಂಡು ಚಾಕು ಹಾಕಿದರು. ಅವಸರದಲ್ಲಿ ದಾರವೂ ಕೊಯ್ದುಹೋಯಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ನಿಯಮಗಳು ಕೋಣೆ ತುಂಬ ಹಾರಾಡಿದವು. ಜವಾನ ಬಾಗಿಲಲ್ಲಿ ಬಾಯಿ ಬಿಟ್ಟು ನಿಂತ. ಬೆನ್ನಿನಿಂದ ಬಂದ ಚೀಟಿಯ ತಲೆಯ ಮೇಲೆ ‘ಎರಡು ಕೈ’ಯ ನಂಬರು ಇತ್ತು. ಮೇಲಿಂದ ಕೆಳಗಿನವರೆಗೂ ಮೊಹರು, ಎಳ್ಳಷ್ಟು ಜಾಗ ಉಳಿದಿರಲಿಲ್ಲ. ಅಷ್ಟನ್ನೂ ಒತ್ತಿದ್ದು ನನ್ನ ಕೈ.

ಸಾಹೇಬರು ಒಂದೊಂದೇ ತಾರೀಕಿನ ಮೇಲೆ ಬೆರಳಿಟ್ಟು ನೋಡಿದರು. ಈಗ ಪಟ್ಟಿ ಹರಿದುಹಾಕುತ್ತಾರೆ ಎಂದುಕೊಂಡೆ.

“ಸರಿ. ಇದಕ್ಕೆ ದಾಖಲೆ ಸಿಕ್ತು. ಇದನ್ನ ಇಟ್ಕೊಳ್ಳಿ,” ಎಂದರು. “ಉಳಿದ ಮೂವತ್ತಾರಕ್ಕೂ ಹೀಗೇ ಒಂದೊಂದು ಚೀಟಿ ತನ್ನಿ. ಶುಕ್ರವಾರ ಸಂಜೆಯೊಳಗೆ.”

ಗೋರ್ಕಲ್ಲ ಮೇಲೆ ಮಳೆ ಸುರಿದಂತೆ, ಏನು ಹೇಳಿ ಏನು ಪ್ರಯೋಜನ. ಅಕ್ಕ ಚಾಕು ಎತ್ತಿಕೊಂಡು ಹೊರಗೆ ಬಂದರು.

ಎರಡೂವರೆ ದಿನ. ಹಸಿರು ಬಟ್ಟೆಯ ಪುಸ್ತಕ ಎಲ್ಲೆಲ್ಲಿದೆ ಎಂದು ನಾನು ಕಪಾಟು ಕಪಾಟು ಹುಡುಕಿ ತಂದು ಹಾಕುತ್ತಿದ್ದೆ, ಅಕ್ಕ ಕೊಯ್ಯುತ್ತಿದ್ದರು. ಕೊಯ್ದದ್ದನ್ನು ಮತ್ತೆ ಹೊಲಿಯಲೂ ಬೇಕು. ಬಿಟ್ಟರೆ ಅದೂ ಹಾಳಾದ ಪುಸ್ತಕಗಳ ಲೆಕ್ಕಕ್ಕೆ ಸೇರುತ್ತದೆ. ಬಟ್ಟೆ ಹೊಲಿಯಲು ಕಲಿಸುವ ಪುಸ್ತಕದೊಳಗೆ ಅಡುಗೆ ಪುಸ್ತಕದ ಚೀಟಿ, ಅಡುಗೆಯದರೊಳಗೆ ಪತ್ತೇದಾರಿಯದು. ಎಷ್ಟೋ ಬೆನ್ನುಗಳಲ್ಲಿ ಬರೀ ಹಳೆಯ ಪತ್ರಿಕೆಯ ತುಂಡು. ಅಕ್ಕ ತಮ್ಮನ್ನೇ ಬೈದುಕೊಂಡರು, ಅಜ್ಜನನ್ನು ಬೈದರು, ನನ್ನನ್ನಂತೂ ಗಂಟೆಗೊಮ್ಮೆ ಬೈದರು. ಬೇಕಾಗಿದ್ದ ಚೀಟಿಗಳಲ್ಲಿ ಹೆಚ್ಚಿನವು ಆ ಕಟ್ಟಡದೊಳಗೇ ಇರಲಿಲ್ಲ. ಹಸಿರು ಬಟ್ಟೆಯ ಪುಸ್ತಕಗಳು ಓದುಗರ ಮನೆಗಳಲ್ಲಿದ್ದವು, ಯಾರದೋ ದಿಂಬಿನ ಪಕ್ಕ, ಯಾರದೋ ಚೀಲದಲ್ಲಿ. ನಾನು ಇಬ್ಬರ ಮನೆಗೆ ಹೋಗಿ ಬಾಗಿಲು ತಟ್ಟಿದೆ. ಒಬ್ಬರು ಊರಲ್ಲಿರಲಿಲ್ಲ, ಇನ್ನೊಬ್ಬರು ಓದಿ ಮುಗಿದಿಲ್ಲ ಎಂದರು.

ಶುಕ್ರವಾರ ಸಂಜೆಗೆ ಒಂಬತ್ತು ಸಿಕ್ಕಿದವು. ಮೊದಲಿನದೂ ಸೇರಿ ಹತ್ತು. ಲಾರಿಯವನು ಇಪ್ಪತ್ತೇಳು ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿದ. ಗಾಲಿಕುರ್ಚಿಯ ಅಕ್ಕ ಹೋದಳು, ಮಾತು ತಡವರಿಸುವ ಹುಡುಗ ಹೋದ. ಓಟದಲ್ಲಿ ಗೆದ್ದ ಗಿಡ್ಡ ಕಾಲಿನ ಹುಡುಗಿಯೂ ಹೋದಳು. ಅವಳನ್ನು ಅಷ್ಟು ಬೈಯುತ್ತಿದ್ದ ಅಕ್ಕ ಚೀಲದ ಬಾಯಿ ಹಿಡಿದು, “ಇದೊಂದನ್ನ ಬಿಡಪ್ಪ,” ಎಂದರು. ಎಣಿಕೆ ತಪ್ಪುತ್ತದೆ ಎಂದ ಲಾರಿಯವನು.

ಶನಿವಾರ ಹತ್ತು ಗಂಟೆಗೆ ಹುಡುಗಿ ಬಂದಳು. ಕಪಾಟಿನ ಮುಂದೆ ನಿಂತು ಬೆರಳಿಟ್ಟು ನೋಡಿದಳು. “ಇಪ್ಪತ್ತೇಳು ಇಲ್ಲ,” ಎಂದಳು. ಒಂದೊಂದರ ಹೆಸರೂ ಹೇಳತೊಡಗಿದಳು, ಮೊದಲು ಇದ್ದ ಸಾಲಿನಲ್ಲೇ. ಅಜ್ಜಿ, “ಬಿಡು ಪುಟ್ಟಿ, ನಿಂದು ಇದೆಯಲ್ಲ,” ಎಂದು ಕೈ ಹಿಡಿದರು. ಅವಳು ನಿಲ್ಲಿಸಲಿಲ್ಲ. ಇಪ್ಪತ್ತೇಳೂ ಮುಗಿಸಿ ಅಕ್ಕನ ಕಡೆ ತಿರುಗಿದಳು.

“ಯಾವಾಗ ಬರ್ತವೆ?”

ಮುಂದಿನ ವಾರ ಎಂದುಬಿಡಿ ಎಂದು ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

“ಬರಲ್ಲ,” ಎಂದರು. “ರದ್ದಿಗೆ ಹೋದವು. ಅವುಗಳ ಮೇಲೆ ತಾರೀಕು ಇರ್ಲಿಲ್ಲ. ತಾರೀಕು ಕಾಣದೇ ಇದ್ರೆ ಯಾರೂ ಓದಿಲ್ಲ ಅಂತ ಅವರ ಲೆಕ್ಕ.”

ಹುಡುಗಿ ಕಪಾಟಿನ ಬುಡದಲ್ಲಿ ಕೂತು ಕಿವಿ ಮುಚ್ಚಿಕೊಂಡಳು. ಅಲ್ಲಿ ಯಾವ ಸದ್ದೂ ಇರಲಿಲ್ಲ. ಅಕ್ಕನಿಗೆ ನೆಲಕ್ಕೆ ಕೂರುವುದು ಕಷ್ಟ. ಕಪಾಟು ಹಿಡಿದು, ಎಡಗಾಲು ಮುಂದೆ ಚಾಚಿ, ಹೇಗೋ ಅವಳ ಪಕ್ಕ ಕೂತರು. ಏನೂ ಮಾತಾಡಲಿಲ್ಲ. ನಾನು ಕೌಂಟರಿನಲ್ಲಿ ಕೂತು, ನನ್ನ ಅಕ್ಷರದ ಆ ಪಟ್ಟಿಯನ್ನು ನೆನೆದು ನೆನೆದು ಹಲ್ಲು ಕಡಿಯುತ್ತಿದ್ದೆ.

ಆಮೇಲೆ ಹುಡುಗಿ ಎದ್ದು ‘ಎರಡು ಕೈ’ ತಂದು ನನ್ನ ಮುಂದೆ ಇಟ್ಟಳು. ಅಕ್ಕ ಈ ಸಲ ಹಳೆಯ ಚೀಟಿಯನ್ನೂ ಒಳಗೆ ಅಂಟಿಸಿ, ಪಕ್ಕದಲ್ಲಿ ಹೊಸದನ್ನು ಅಂಟಿಸಿದ್ದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ನಾನು ಮೊಹರನ್ನು ಮೆಲ್ಲಗೆ ಇಳಿಸಿದೆ. ಸದ್ದೇ ಆಗಲಿಲ್ಲ. ಹೊಗಳಿಸಿಕೊಳ್ಳಲು ಅಕ್ಕನ ಮುಖ ನೋಡಿದೆ.

ಹುಡುಗಿ ಚೀಟಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ಮಸುಕಾಗಿದೆ,” ಎಂದಳು. “ಜೋರಾಗಿ ಒತ್ತಿ. ಕಾಣ್ಬೇಕು.”

ಎಂದವಳೇ ಎರಡೂ ಕೈಯಿಂದ ಕಿವಿ ಬಿಗಿಯಾಗಿ ಮುಚ್ಚಿ, ಕಣ್ಣನ್ನೂ ಮುಚ್ಚಿ, ಹಲ್ಲು ಕಚ್ಚಿ ನಿಂತಳು. ನಾನು ಮೊಹರು ಎತ್ತಿ, ಮೈಯಲ್ಲಿದ್ದ ಬಲವೆಲ್ಲ ಹಾಕಿ ಒತ್ತಿದೆ.